ಒಣಸೀಮೆಯ ಹಿತ್ತಲಲ್ಲಿ ಹತ್ತು ಕೋಳಿ: ಶಾಲೆಯ ಮೊಟ್ಟೆಯ ಲೆಕ್ಕ, ಬೀದಿಯ ಲಸಿಕೆಯ ಲೆಕ್ಕ

2024ರ ಸೆಪ್ಟೆಂಬರ್ ತಿಂಗಳಿನಿಂದ ರಾಜ್ಯದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ನೀಡುವ ವ್ಯವಸ್ಥೆ ಜಾರಿಗೆ ಬಂದಿದೆ. ಅದಕ್ಕೆ ಮೊದಲು ವಾರಕ್ಕೆ ಎರಡು ದಿನಕ್ಕೆ ಸೀಮಿತವಾಗಿದ್ದ ಈ ಕಾರ್ಯಕ್ರಮವು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಿಸ್ತಾರಗೊಂಡಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ದೊರೆಯುತ್ತದೆ. ಹಳ್ಳಿಹಳ್ಳಿಯ ಶಾಲೆಗೂ ಪ್ರತಿದಿನ ಮೊಟ್ಟೆ ಬೇಕಾಗಿರುವ ಈ ಕಾಲದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೈತರಲ್ಲಿಯೂ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರಲ್ಲಿಯೂ ಒಂದು ಪ್ರಶ್ನೆ ಮೂಡುವುದು ಸಹಜವೇ ಆಗಿದೆ: ನಮ್ಮ ಊರಿನ ಶಾಲೆಗೆ ನಮ್ಮ ಹಿತ್ತಲ ಕೋಳಿಯ ಮೊಟ್ಟೆಯನ್ನೇ ಏಕೆ ಕೊಡಬಾರದು?

ಪ್ರಶ್ನೆ ನ್ಯಾಯವಾದುದು. ಆದರೆ ಉತ್ತರವನ್ನು ಉತ್ಸಾಹದಿಂದಲ್ಲ, ಲೆಕ್ಕದಿಂದ ಕೊಡಬೇಕಾಗುತ್ತದೆ. ನೂರು ಮಕ್ಕಳಿರುವ ಶಾಲೆಯೊಂದನ್ನು ತೆಗೆದುಕೊಳ್ಳೋಣ. ಎಲ್ಲರೂ ಮೊಟ್ಟೆ ತಿನ್ನುವರೆಂದು ಭಾವಿಸಿದರೆ ವಾರಕ್ಕೆ 600 ಮೊಟ್ಟೆ ಬೇಕು. ನಾಟಿ ಹೇಟೆಯೊಂದು ವರ್ಷಕ್ಕೆ 60ರ ಆಸುಪಾಸು ಮೊಟ್ಟೆಯಿಡುತ್ತದೆ. ಎಂದರೆ ವಾರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಆ ಶಾಲೆಯೊಂದಕ್ಕೇ ಐನೂರಕ್ಕೂ ಹೆಚ್ಚು ನಾಟಿ ಹೇಟೆಗಳು ಬೇಕಾದವು. ವರ್ಷಕ್ಕೆ 180 ಮೊಟ್ಟೆಯಿಡುವ ಸುಧಾರಿತ ತಳಿಯನ್ನು ಸಾಕಿದರೂ 170 ಹೇಟೆಗಳು ಎಡೆಬಿಡದೆ ಇಡುತ್ತಿರಬೇಕು. ಹಿತ್ತಲ ಕೋಳಿಯಾದರೋ ಬೇಸಿಗೆಯಲ್ಲಿ ಇಡುವುದನ್ನು ಕಡಿಮೆ ಮಾಡುತ್ತದೆ, ಗರಿ ಉದುರಿಸುವಾಗ ನಿಲ್ಲಿಸುತ್ತದೆ, ಕಾವಿಗೆ ಕೂತರೆ ವಾರಗಟ್ಟಲೆ ಮೊಟ್ಟೆಯ ಮಾತೇ ಇಲ್ಲ. ಶಾಲೆಯ ಅಡುಗೆಮನೆ ಇದಾವುದನ್ನೂ ಕಾಯಲಾರದು.

ಬೆಲೆಯ ಮಾತೂ ಇದೆ. ಕಾರ್ಯಕ್ರಮ ವಿಸ್ತರಣೆಗೊಂಡಾಗ ಬೇಯಿಸುವ, ಸುಲಿಯುವ ಖರ್ಚೂ ಸೇರಿ ಒಂದು ಮೊಟ್ಟೆಗೆ ನಿಗದಿಯಾಗಿದ್ದುದು 6 ರೂಪಾಯಿ. ನಾಟಿ ಮೊಟ್ಟೆಗೆ ಸಂತೆಯಲ್ಲಿ ದೊರೆಯುವ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಹೆಚ್ಚು ಬೆಲೆಯ ಸರಕನ್ನು ಕಡಿಮೆ ಬೆಲೆಯ ಕರಾರಿಗೆ ಕಟ್ಟಿಹಾಕುವುದು ರೈತ ಮಹಿಳೆಗೆ ಉಪಕಾರವಲ್ಲ. ಆದುದರಿಂದ ಶಾಲೆಯ ಬೇಡಿಕೆಯನ್ನು ತೋರಿಸಿ ಮನೆಮನೆಗೂ ಐವತ್ತು ನೂರು ಕೋಳಿ ಸಾಕಲು ಪ್ರೇರೇಪಿಸುವ ವಿಸ್ತರಣಾ ಕಾರ್ಯಕರ್ತರು ಒಮ್ಮೆ ಈ ಗುಣಾಕಾರವನ್ನು ಮಾಡಿ ನೋಡುವುದೊಳಿತು.

ಹಾಗಾದರೆ ಹಿತ್ತಲ ಕೋಳಿ ಯಾರಿಗಾಗಿ?

ಮೊದಲನೆಯದಾಗಿ, ಸಾಕಿದ ಮನೆಗಾಗಿ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 180 ಮೊಟ್ಟೆ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. ದೇಶದ ತಲಾವಾರು ಲಭ್ಯತೆ 2023-24ರಲ್ಲಿ 103. ಸರಾಸರಿಯೆಂಬುದು ನಗರದ ಬೇಕರಿ, ಹೋಟೆಲುಗಳನ್ನೂ ಒಳಗೊಂಡ ಅಂಕಿ. ಮಳೆಯಾಶ್ರಿತ ಹಳ್ಳಿಯ ಕೂಲಿಕಾರರ ಮನೆಯ ಪಾಲು ಅದಕ್ಕಿಂತ ಕಡಿಮೆಯೇ ಇರುವ ಸಂಭವವಿದೆ. ಐದು ಜನರ ಕುಟುಂಬಕ್ಕೆ ಶಿಫಾರಸಿನಂತೆ ವರ್ಷಕ್ಕೆ 900 ಮೊಟ್ಟೆ ಬೇಕು. ಸುಧಾರಿತ ತಳಿಯ ಎಂಟು ಹೇಟೆಗಳು, ಹಿತ್ತಲಿನ ಪರಿಸ್ಥಿತಿಯಲ್ಲಿ ತಲಾ 130 ಇಟ್ಟರೂ, ಸಾವಿರ ದಾಟುತ್ತವೆ. ಮನೆಮಂದಿ ತಿಂದು ಮಿಕ್ಕದ್ದು ಮಾರಾಟಕ್ಕೆ. ಅದಕ್ಕೆ ಎರಡು ಹುಂಜ ಮತ್ತು ನಾಲ್ಕಾರು ಮರಿ ಸೇರಿದರೆ ಹಬ್ಬಕ್ಕೋ ಆಸ್ಪತ್ರೆಯ ತುರ್ತಿಗೋ ಕೈಗೆ ಬರುವ ಹಣ. ಈ ಹಣ ಬಹುತೇಕ ಮನೆಯೊಡತಿಯ ಸಾಸಿವೆ ಡಬ್ಬಿಗೆ ಹೋಗುತ್ತದೆಂಬುದೂ ಸಣ್ಣ ವಿಷಯವಲ್ಲ. ಅಡಿಕೆ, ತೆಂಗು, ಈರುಳ್ಳಿಯ ದುಡ್ಡಿನ ವಿಚಾರದಲ್ಲಿ ಹಾಗೆ ಹೇಳಲಾಗದು.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿ, ಹಿಂದಿನ ಗಣತಿಗಿಂತ ಸುಮಾರು ಶೇಕಡ 46ರಷ್ಟು ಹೆಚ್ಚಳ. ಅದೇ ಅವಧಿಯಲ್ಲಿ ವಾಣಿಜ್ಯ ಕೋಳಿಗಳ ಹೆಚ್ಚಳ ಶೇಕಡ 5ನ್ನೂ ಮುಟ್ಟಲಿಲ್ಲ. ಜನರು ಹಿತ್ತಲ ಕೋಳಿಯತ್ತ ಮರಳುತ್ತಿದ್ದಾರೆಂಬುದು ಇದರಿಂದ ಸ್ಪಷ್ಟ. ಮರಳಿದವರ ಗೂಡಿನಲ್ಲಿ ಆರು ತಿಂಗಳ ಬಳಿಕ ಎಷ್ಟು ಕೋಳಿಗಳು ಉಳಿದಿರುತ್ತವೆ ಎಂಬುದು ಬೇರೆಯೇ ಪ್ರಶ್ನೆ. ಈ ಲೇಖನದ ಕಾಳಜಿ ಅದು.

ಏಪ್ರಿಲ್ ತಿಂಗಳನ್ನು ನೋಡಿ ಸಂಖ್ಯೆ ನಿರ್ಧರಿಸಿ

ಚಿಕ್ಕಮಗಳೂರು ಜಿಲ್ಲೆಯೆಂದರೆ ಹೊರಗಿನವರಿಗೆ ಕಾಫಿಯೂ ಮಳೆಯೂ ನೆನಪಾಗುತ್ತವೆ. ಆದರೆ ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರಾದ ದೇವನೂರನ್ನು ಒಳಗೊಂಡ ಕಡೂರು ತಾಲ್ಲೂಕು ಗಿರಿಶ್ರೇಣಿಯ ಮಳೆನೆರಳಿನಲ್ಲಿದ್ದು ಕೃಷಿ ಹವಾಮಾನ ವಿಂಗಡಣೆಯಲ್ಲಿ ಮಧ್ಯ ಒಣವಲಯಕ್ಕೆ ಸೇರಿದೆ. ಹಿರಿಯೂರು, ಅರಸೀಕೆರೆಗಳ ಸಾಲಿನಲ್ಲಿ ಅದರ ಸ್ಥಾನ. ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಕಡೂರು ಆ ಪಟ್ಟಿಯಲ್ಲಿದ್ದುದು ಯಾರಿಗೂ ಅಚ್ಚರಿಯ ಸುದ್ದಿಯಾಗಿರಲಿಲ್ಲ.

ಇಂತಹ ಪ್ರದೇಶದಲ್ಲಿ ಹಿತ್ತಲು ಕೋಳಿಗೆ ಕೊಡುವ ಆಹಾರ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಹುಳು, ಎಳೆ ಹುಲ್ಲು, ಕಳೆಬೀಜ, ಕಣದಲ್ಲಿ ಚೆಲ್ಲಿದ ರಾಗಿ ಧಾರಾಳವಾಗಿರುತ್ತವೆ. ಫೆಬ್ರುವರಿ ಮುಗಿಯುವ ಹೊತ್ತಿಗೆ ನೆಲ ಬೋಳಾಗುತ್ತದೆ. ಬಿಸಿಲು ಅತಿ ಹೆಚ್ಚಿರುವ ತಿಂಗಳುಗಳಲ್ಲಿಯೇ ಮೇವು ಅತಿ ಕಡಿಮೆ. ಆಗಸ್ಟಿನ ಹಸಿರನ್ನು ನೋಡಿ ಇಪ್ಪತ್ತೈದು ಮರಿ ತಂದವರು ಏಪ್ರಿಲ್ಲಿನಲ್ಲಿ ಚೀಲಗಟ್ಟಲೆ ಆಹಾರ ಕೊಳ್ಳಬೇಕಾಗುತ್ತದೆ, ಇಲ್ಲವೇ ಕೋಳಿಗಳು ನೆರೆಯವರ ತರಕಾರಿ ಮಡಿಗೆ ನುಗ್ಗುತ್ತವೆ. ಕೋಳಿಯಿಂದ ಹುಟ್ಟಿದ ಜಗಳಗಳಲ್ಲಿ ಹೆಚ್ಚಿನವು ಬೇಸಿಗೆಯವು.

ಈ ಭಾಗದ ಹಿರಿಯರಿಗೆ ಈ ತತ್ತ್ವ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಸುತ್ತಲಿನವರು ಕಾವಲುಗಳ ಕತೆ ಬಲ್ಲರು. ಮೈಸೂರು ಸಂಸ್ಥಾನದ ಕಾಲದಲ್ಲಿ ಅಮೃತಮಹಲ್ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಋತುವಿಗನುಗುಣವಾಗಿ ಸಾಗಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ನೆರಳು ಉಳಿಯುವ ಜಾಗ ಎಷ್ಟಿದೆಯೋ ಹಿಂಡಿನ ಗಾತ್ರಕ್ಕೂ ಅಷ್ಟೇ ಮಿತಿ. ಕೋಳಿಯನ್ನು ಬೇರೊಂದು ಕಾವಲಿಗೆ ಹೊಡೆದುಕೊಂಡು ಹೋಗಲಾಗದು. ಆದುದರಿಂದ ಅದರ ಸಂಖ್ಯೆಯನ್ನೇ ಬೇಸಿಗೆಯ ಹಿತ್ತಲಿಗೆ ಹೊಂದಿಸಬೇಕು. ನಾಲ್ಕೈದು ತೆಂಗು, ಒಂದೆರಡು ನುಗ್ಗೆ, ದನದ ಕೊಟ್ಟಿಗೆ, ತಿಪ್ಪೆಗುಂಡಿ ಇರುವ ಸಾಮಾನ್ಯ ಹಿತ್ತಲಿಗೆ ಎಂಟರಿಂದ ಹತ್ತು ಹೇಟೆ, ಒಂದು ಹುಂಜ ಎಂಬುದು ನನ್ನ ಸಲಹೆ. ಕಡೂರು, ಬೀರೂರು, ತರೀಕೆರೆಯಂತಹ ಪಟ್ಟಣಗಳ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ನಾಲ್ಕೋ ಐದೋ ಹೇಟೆ ಸಾಕು, ಹುಂಜ ಬೇಡ.

ಹುಂಜವಿಲ್ಲದೆ ಹೇಟೆ ಮೊಟ್ಟೆಯಿಡದೆಂಬ ನಂಬಿಕೆ ಇಂದಿಗೂ ಇದೆ. ಅದು ಸರಿಯಲ್ಲ. ಮರಿ ಮಾಡಿಸಲು ಮಾತ್ರ ಹುಂಜ ಬೇಕು. ಬೇಸಿಗೆಯಲ್ಲಂತೂ ಹುಂಜವಿಲ್ಲದ ಮೊಟ್ಟೆಯೇ ಹೆಚ್ಚು ದಿನ ಕೆಡದೆ ಉಳಿಯುತ್ತದೆ. ಏಕೆಂದರೆ ಫಲಿತ ಮೊಟ್ಟೆಯೊಳಗಿನ ಭ್ರೂಣ ಸುಮಾರು 27 ಡಿಗ್ರಿಗಿಂತ ಹೆಚ್ಚಿನ ಉಷ್ಣದಲ್ಲಿ ಕಾವಿಲ್ಲದೆಯೇ ಬೆಳೆಯತೊಡಗಿ, ಅರ್ಧದಲ್ಲಿ ಸತ್ತು, ಮೊಟ್ಟೆ ಕೆಡುತ್ತದೆ. ಏಪ್ರಿಲ್ಲಿನಲ್ಲಿ ಕಾವಿಗಿಟ್ಟ ಹನ್ನೆರಡರಲ್ಲಿ ನಾಲ್ಕೇ ಮರಿಯಾದವೆಂಬ ದೂರಿನ ಹಿಂದೆ ಬಹುಮಟ್ಟಿಗೆ ಈ ಕಾರಣವಿರುತ್ತದೆ. ಹೇಟೆಯ ತಪ್ಪೇನೂ ಇಲ್ಲ.

ಹುಂಜಗಳನ್ನು ಮಾರಲು ಯುಗಾದಿಯ ಮರುದಿನದ ಹೊಸತೊಡಕಿಗಿಂತ ಒಳ್ಳೆಯ ದಿನ ಈ ಭಾಗದಲ್ಲಿಲ್ಲ. ಅಂದು ನಾಟಿ ಹುಂಜಕ್ಕೆ ವರ್ಷದಲ್ಲೇ ಉತ್ತಮ ಬೆಲೆ. ಹಿತ್ತಲಿನ ಮೇವು ಬರಿದಾಗಿ ಬಿಸಿಲು ಏರುವ ಕಾಲವೂ ಅದೇ. ಮಳೆಗಾಲದ ಆರಂಭದಲ್ಲಿ ಮರಿ ತಂದು ಬೆಳೆಸಿ, ಹೆಚ್ಚುವರಿ ಹುಂಜಗಳನ್ನು ಹೊಸತೊಡಕಿಗೆ ವಿಲೇವಾರಿ ಮಾಡಿ, ಇಡುವ ಹೇಟೆಗಳನ್ನು ಮಾತ್ರ ಬೇಸಿಗೆಗೆ ಉಳಿಸಿಕೊಳ್ಳುವ ಕ್ರಮ ನಮ್ಮ ಪಂಚಾಂಗಕ್ಕೂ ಹವಾಮಾನಕ್ಕೂ ಒಗ್ಗುತ್ತದೆ.

ನೀರು, ನೆರಳು, ಮೇವು

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದರ ಮೈಯ ಸಹಜ ಉಷ್ಣವೇ 41 ಡಿಗ್ರಿಗಿಂತ ಮೇಲಿರುವುದರಿಂದ, ಹೊರಗಿನ ಉಷ್ಣ 35 ದಾಟಿದಾಗ ಅದು ಬಾಯಿ ತೆರೆದು ಏದುಸಿರು ಬಿಡುತ್ತ ನೀರಿನಾಂಶವನ್ನು ಆವಿಯಾಗಿಸಿಯೇ ತಂಪಾಗಬೇಕು. ಆಗ ಆಹಾರ ಸೇವನೆ ಇಳಿಯುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ತಂಪು ದಿನಗಳಲ್ಲಿ ಹೇಟೆಯೊಂದು ಕಾಲು ಲೀಟರ್ ನೀರು ಕುಡಿದರೆ ಕಡುಬೇಸಿಗೆಯಲ್ಲಿ ಅರ್ಧ ಲೀಟರ್ ಬೇಕಾಗಬಹುದು. ಹತ್ತು ಕೋಳಿಗೆ ದಿನಕ್ಕೆ ಐದು ಲೀಟರ್ ಎಂದಿಟ್ಟುಕೊಳ್ಳಿ. ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನವೂ 50ರಿಂದ 60 ಲೀಟರ್ ಕೊಡುತ್ತೇವೆ. ಕೊಳವೆಬಾವಿ ಬತ್ತಿದ ವರ್ಷ ತೆಂಗನ್ನು ಉಳಿಸಲು ಟ್ಯಾಂಕರ್ ತರಿಸಿದವರಿಗೆ ಈ ಹೋಲಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀರಿನ ದೃಷ್ಟಿಯಿಂದ ಒಣಸೀಮೆಗೆ ಹಿತ್ತಲ ಕೋಳಿಯಷ್ಟು ಮಿತವ್ಯಯದ ಪ್ರಾಣಿ ವಿರಳ. ಆದರೆ ಆ ಐದು ಲೀಟರ್ ತಪ್ಪದೆ, ತಣ್ಣಗೆ, ನೆರಳಿನಲ್ಲಿ ದೊರೆಯಬೇಕು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಡಬ್ಬದ ನೀರನ್ನು ಕೋಳಿ ಕುಡಿಯದು. ಅಗಲ ಬಾಯಿಯ ಮಣ್ಣಿನ ಪಾತ್ರೆಗಳನ್ನು ಎರಡು ಮೂರು ಕಡೆ ಇಟ್ಟು, ಮಧ್ಯಾಹ್ನಕ್ಕೊಮ್ಮೆ ಬದಲಿಸಿದರೆ ಸಾಕು.

ಗೂಡಿನ ಉದ್ದ ಪೂರ್ವಪಶ್ಚಿಮವಾಗಿರಲಿ. ಆಗ ಉದ್ದನೆಯ ಬದಿಗಳಿಗೆ ಇಳಿಬಿಸಿಲು ನೇರವಾಗಿ ಬಡಿಯದು. ಒಂದು ಕೋಳಿಗೆ ಎರಡು ಚದರಡಿಯಂತೆ ಐದಡಿ ನಾಲ್ಕಡಿಯ ಗೂಡು ಹತ್ತಕ್ಕೆ ಸಾಕು. ಅದು ರಾತ್ರಿಯ ತಂಗುದಾಣವೇ ಹೊರತು ಸೆರೆಮನೆಯಲ್ಲ. ತಗಡು ಹೊದಿಸಿದರೆ ಅದರ ಮೇಲೆ ತೆಂಗಿನ ಗರಿ ದಪ್ಪನಾಗಿ ಹಾಸಬೇಕು ಅಥವಾ ಸುಣ್ಣ ಬಳಿಯಬೇಕು. ಕೆಳಗಿನ ಎರಡಡಿಗೆ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಅಗತ್ಯ. ಮುಂಗುಸಿ, ಕಾಡುಬೆಕ್ಕುಗಳು ಕೈ ತೂರಿಸಿ ಎಳೆಯುವುದುಂಟು. ಪಟ್ಟಣಗಳಲ್ಲಿ ಬೀದಿನಾಯಿಯೇ ದೊಡ್ಡ ಶತ್ರು. ನಾಲ್ಕೈದು ಹೇಟೆಗೆ ಒಂದರಂತೆ ಹುಲ್ಲು ಹಾಸಿದ ಬುಟ್ಟಿಯನ್ನೋ ಹಳೆಯ ಬಾಂಡಲಿಯನ್ನೋ ಮಬ್ಬುಗತ್ತಲ ಮೂಲೆಯಲ್ಲಿಟ್ಟರೆ ಮೊಟ್ಟೆ ಹುಡುಕುವ ಕೆಲಸ ತಪ್ಪುತ್ತದೆ.

ಮೇವಿನ ವಿಷಯದಲ್ಲಿ ಬೇಸಾಯಶಾಸ್ತ್ರದವನಾಗಿ ನಾನು ಎರಡು ಮಾತು ಹೆಚ್ಚಾಗಿ ಹೇಳಬೇಕಿದೆ. ಇಡುವ ಹೇಟೆಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಬೇಕು. ಒಳ್ಳೆಯ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೇ ಕೆದಕಿ ತಿನ್ನುತ್ತದೆ. ಉಳಿದ 40-50 ಗ್ರಾಂ ನಾವು ಹಾಕಬೇಕು. ತೂರಿದಾಗ ಉಳಿಯುವ ಜೊಳ್ಳು ರಾಗಿ, ಮುಸುಕಿನ ಜೋಳದ ನುಚ್ಚು, ಅಕ್ಕಿ ತೌಡು, ಸ್ವಲ್ಪ ಕಡಲೆಕಾಯಿ ಹಿಂಡಿ, ಚಿಪ್ಪಿಗೆಂದು ಸುಣ್ಣದ ಕಲ್ಲಿನ ಪುಡಿ. ಬೇಸಿಗೆಯಲ್ಲಿ ಇದನ್ನು ಬೆಳಗಿನ ಜಾವ ಮತ್ತು ಸಂಜೆಯ ತಂಪಿನಲ್ಲಿ ತುಸು ನೀರು ಬೆರೆಸಿ ಕೊಡಬೇಕು, ನಡುಮಧ್ಯಾಹ್ನ ಕೊಡಬಾರದು. ಬೂಷ್ಟು ಹಿಡಿದ ಹಿಂಡಿ ದನಕ್ಕಿಂತಲೂ ಕೋಳಿಗೆ ಹೆಚ್ಚು ಅಪಾಯಕಾರಿ.

ಸಭೆಗಳಲ್ಲಿ ಎಲ್ಲರೂ ಅಜೋಲ ಬೆಳೆಯಿರಿ ಎನ್ನುತ್ತಾರೆ. ನೀರು ನಿತ್ಯ ಆವಿಯಾಗುವ ಕಡೂರಿನ ಬೇಸಿಗೆಯಲ್ಲಿ ಅಜೋಲ ತೊಟ್ಟಿಯನ್ನು ಉಳಿಸಿಕೊಳ್ಳುವ ಶ್ರಮಕ್ಕಿಂತ ಎರಡು ನುಗ್ಗೆ ಮರ, ಬೇಲಿಗೆ ಒಂದಿಷ್ಟು ಅಗಸೆ ಲೇಸೆಂಬುದು ನನ್ನ ಅಭಿಪ್ರಾಯ. ಸಗಣಿ, ಒಣಹುಲ್ಲು ತುಂಬಿ ತೇವ ಮಾಡಿದ ಮಡಕೆಯನ್ನು ಸಂಜೆ ಗೆದ್ದಲಿರುವ ಕಡೆ ಬೋರಲು ಹಾಕಿ ಬೆಳಿಗ್ಗೆ ಎತ್ತಿದರೆ ಸಿಗುವ ಗೆದ್ದಲು ಮರಿಗಳಿಗೆ ಉತ್ತಮ ಪ್ರೋಟೀನು. ತಿಪ್ಪೆಯೊಳಗಿನ ಕುರುವಾಯಿ ದುಂಬಿಯ ಮರಿಹುಳುಗಳನ್ನು ಕೋಳಿಗಳು ಆರಿಸಿ ತಿನ್ನುವುದರಿಂದ ತೆಂಗಿಗೂ ಲಾಭ.

ಇನ್ನೊಂದು ಮಾತು ಎಚ್ಚರಿಕೆಯದು. ಕಡೂರು, ಅಜ್ಜಂಪುರ ಭಾಗದಲ್ಲಿ ಈರುಳ್ಳಿ ಬೆಳೆ ಹೆಚ್ಚು. ಬೆಲೆ ಕುಸಿದಾಗ ಕೊಳೆತ ಈರುಳ್ಳಿಯನ್ನು ಹಿತ್ತಲಿಗೆ ಸುರಿಯುತ್ತಾರೆ. ಹೆಚ್ಚು ಪ್ರಮಾಣದಲ್ಲಿ ತಿಂದರೆ ಕೋಳಿಯ ರಕ್ತಕಣಗಳು ನಾಶವಾಗುತ್ತವೆ. ಬಿತ್ತಿ ಉಳಿದ, ಔಷಧೋಪಚಾರ ಮಾಡಿದ ಮುಸುಕಿನ ಜೋಳ, ಕಡಲೆಕಾಯಿ ಬೀಜವನ್ನು ಅಂಗಳಕ್ಕೆ ಚೆಲ್ಲುವುದು ಅದಕ್ಕಿಂತ ಕೆಟ್ಟದ್ದು. ಬೀಜಕ್ಕೆ ಲೇಪಿಸುವ ಥೈರಮ್ ಕೋಳಿಯ ಕಾಲನ್ನೂ ಮೊಟ್ಟೆಯ ಚಿಪ್ಪನ್ನೂ ಕೆಡಿಸುತ್ತದೆ. ಕೀಟನಾಶಕ ಲೇಪಿತ ಬೀಜವಾದರೆ ಹಿಂಡೇ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದು.

ತಳಿಯ ಆಯ್ಕೆ

ತಳಿಯ ಕುರಿತು ಆಗುವ ಚರ್ಚೆ ಅದರ ಯೋಗ್ಯತೆಗಿಂತ ಹೆಚ್ಚಾಯಿತೆಂದು ನನಗನ್ನಿಸುತ್ತದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮಾಂಸಕ್ಕೂ ಮೊಟ್ಟೆಗೂ ಹೆಸರಾಗಿ ಮನೆಮಾತಾಯಿತು. ಆದರೆ ಮೈಭಾರದಿಂದಾಗಿ ನಾಯಿ, ಹದ್ದುಗಳಿಂದ ತಪ್ಪಿಸಿಕೊಳ್ಳಲು ಅದಕ್ಕೆ ಕಷ್ಟ. ಅನಂತರ ಅಲ್ಲಿಯೇ ಬಂದ ಸ್ವರ್ಣಧಾರ ಹಗುರ, ಚುರುಕು. ವರ್ಷಕ್ಕೆ 180ರಷ್ಟು ಮೊಟ್ಟೆಯ ಸಾಮರ್ಥ್ಯವುಳ್ಳದ್ದು. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ನಮ್ಮಲ್ಲಿ ಪರಿಚಿತ. ಇವೆಲ್ಲಕ್ಕೂ ಒಂದು ಸಾಮಾನ್ಯ ಮಿತಿಯಿದೆ: ಇವು ಕಾವಿಗೆ ಕೂರುವುದು ತೀರ ಕಡಿಮೆ, ಮತ್ತು ಇವುಗಳ ಮೊಟ್ಟೆಯಿಂದ ಮಾಡಿಸಿದ ಮರಿಗಳಲ್ಲಿ ಮೂಲ ಗುಣ ಪೂರ್ತಿಯಾಗಿ ಉಳಿಯದು. ಪ್ರತಿ ಸರದಿಗೂ ಮರಿ ಕೊಳ್ಳಲೇಬೇಕು.

ಆದುದರಿಂದ ಎಂಟು ಸುಧಾರಿತ ಹೇಟೆಗಳ ಜೊತೆಗೆ ಎರಡು ನಾಟಿ ಹೇಟೆಗಳಿರಲಿ. ಕಾವು ಕೂತು, ಇಪ್ಪತ್ತೊಂದು ದಿನ ಕಾದು, ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿಗೆ ಕರೆದುಕೊಳ್ಳುವ ವಿದ್ಯೆ ನಾಟಿ ಹೇಟೆಗೆ ಮಾತ್ರ ಗೊತ್ತು. ಕತ್ತಿನಲ್ಲಿ ಗರಿಯಿಲ್ಲದ ಬೋಳುಗತ್ತಿನ ನಾಟಿ ಕೋಳಿ ಸಿಕ್ಕರೆ ಬಿಡಬೇಡಿ. ನೋಡಲು ಚೆಂದವಿಲ್ಲವೆಂದು ಅದನ್ನು ಮೊದಲು ಮಾರಿಬಿಡುವುದುಂಟು. ಗರಿ ಕಡಿಮೆಯಿರುವುದರಿಂದಲೇ ಅದು ಸೆಕೆಯನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳುತ್ತದೆ. ಕೊಳ್ಳುವುದಾದರೆ ಒಂದು ದಿನದ ಮರಿಗಿಂತ ಐದಾರು ವಾರ ಬೆಳೆದ, ಆರಂಭದ ಲಸಿಕೆಗಳಾದ ಮರಿ ಮೇಲು. ದುಬಾರಿಯೆನಿಸಿದರೂ ಮೊದಲ ತಿಂಗಳ ಸಾವು ಮಾರಿದವರ ಪಾಲಿಗಿರುತ್ತದೆ.

ಒಂದು ಶೀಶೆ, ನೂರು ಕೋಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿತ್ತಲ ಕೋಳಿಯನ್ನು ಬಿಸಿಲಿಗಿಂತಲೂ ನಾಯಿಗಿಂತಲೂ ಹೆಚ್ಚಾಗಿ ಮುಗಿಸುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಉಬ್ಬಸ, ತಿರುಚಿದ ಕತ್ತು, ಬಿದ್ದ ರೆಕ್ಕೆ. ಎರಡು ಮೂರು ದಿನಗಳಲ್ಲಿ ಬೀದಿಯ ಕೋಳಿಗಳೆಲ್ಲ ಖಾಲಿ. ಇದಕ್ಕೆ ಚಿಕಿತ್ಸೆಯಿಲ್ಲ. ಲಸಿಕೆಯಿದೆ, ಅದೂ ದಶಕಗಳಿಂದ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ರಾಜ್ಯದಲ್ಲಿಯೇ ಅದನ್ನು ತಯಾರಿಸುತ್ತದೆ. ಹಾಗಿದ್ದೂ ಹಿತ್ತಲ ಕೋಳಿಗಳು ಏಕೆ ಸಾಯುತ್ತಿವೆ?

ಕಾರಣ ಅಜ್ಞಾನವೆಂದು ಹೇಳಿ ಮುಗಿಸುವುದು ಸುಲಭ. ನನ್ನ ದೃಷ್ಟಿಯಲ್ಲಿ ನಿಜವಾದ ಕಾರಣ ಶೀಶೆಯ ಗಾತ್ರ. ಲಸಿಕೆ ಬರುವುದು ನೂರು ಡೋಸ್, ಐನೂರು ಡೋಸ್, ಸಾವಿರ ಡೋಸ್ ಶೀಶೆಗಳಲ್ಲಿ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಒಮ್ಮೆ ದ್ರಾವಣ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಸಾವಿರ ಕೋಳಿಯ ಫಾರಮ್ಮಿನವನಿಗೆ ಇದು ಅನುಕೂಲ. ಹತ್ತು ಕೋಳಿಯ ಗೃಹಿಣಿ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು, ಮಂಜುಗಡ್ಡೆಯ ಡಬ್ಬಿಯಲ್ಲಿ ಶೀಶೆ ತಂದು, ಹತ್ತು ಹನಿ ಬಳಸಿ ತೊಂಬತ್ತನ್ನು ಚೆಲ್ಲಬೇಕು. ಅವಳು ತರುವುದಿಲ್ಲ. ತಾರದಿರುವುದರಲ್ಲಿ ತರ್ಕವಿದೆ.

ಹತ್ತು ಮನೆಗಳು ಒಂದಾದರೆ ಈ ಲೆಕ್ಕ ಬದಲಾಗುತ್ತದೆ. ಹತ್ತು ಮನೆ, ಮನೆಗೆ ಹತ್ತು ಕೋಳಿ, ಒಂದು ಶೀಶೆ. ಇನ್ನೂ ಒಂದು ಕಾರಣಕ್ಕೆ ಇದು ಬೀದಿಯ ವಿಷಯ. ಹಿತ್ತಲ ಕೋಳಿಗಳು ಒಂದೇ ತಿಪ್ಪೆ ಕೆದಕುತ್ತವೆ, ಒಂದೇ ಮೋರಿಯ ನೀರು ಕುಡಿಯುತ್ತವೆ. ನಿಮ್ಮ ಹತ್ತಕ್ಕೆ ಲಸಿಕೆ ಹಾಕಿಸಿ ಪಕ್ಕದ ಮನೆಯ ಹತ್ತಕ್ಕೆ ಹಾಕಿಸದಿದ್ದರೆ ರೋಗಾಣು ಬೀದಿಯಲ್ಲೇ ಬೇರೂರಿ, ನಿಮ್ಮ ಮುಂದಿನ ಸರದಿಯ ಮರಿಗಳಿಗಾಗಿ ಕಾದಿರುತ್ತದೆ.

ಇದು ನಾವೇ ಕಂಡುಹಿಡಿಯಬೇಕಾದ ಮಾರ್ಗವೇನಲ್ಲ. ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯು 1980ರ ದಶಕದಿಂದಲೇ ಹಳ್ಳಿಯ ಮಹಿಳೆಯರಿಗೆ ಕೋಳಿ ಲಸಿಕೆಯ ತರಬೇತಿ ನೀಡಿತು. ಅವರು ಮನೆಮನೆಗೆ ಹೋಗಿ ಸಣ್ಣ ಶುಲ್ಕ ಪಡೆದು ಲಸಿಕೆ ಹಾಕುತ್ತಾರೆ. ಆಫ್ರಿಕದ ಮೊಜಾಂಬಿಕ್‌ನಲ್ಲಿ, ಶೈತ್ಯಾಗಾರದ ಹೊರಗೂ ಕೆಲಕಾಲ ತಾಳುವ ಐ-2 ಎಂಬ ಲಸಿಕೆಯನ್ನು ನಾಲ್ಕು ತಿಂಗಳಿಗೊಮ್ಮೆ, ಊರಿಗೇ ಒಂದೇ ಅಭಿಯಾನದಲ್ಲಿ, ಕಣ್ಣಿಗೆ ಹನಿ ಹಾಕುವ ಪದ್ಧತಿ ರೂಢಿಗೆ ಬಂತು. ಎರಡು ಕಡೆಯೂ ಲಸಿಕೆ ಹಾಕುವವರು ಊರಿನವರೇ, ದಿನ ಮೊದಲೇ ಗೊತ್ತು, ಹಣ ಕೋಳಿಯ ಒಡತಿಯದು. ನಮ್ಮಲ್ಲಿ ಸಂಜೀವಿನಿ ಒಕ್ಕೂಟಗಳ ಪಶುಸಖಿಯರಿದ್ದಾರೆ, ಪಶುವೈದ್ಯಕೀಯ ಆಸ್ಪತ್ರೆಗಳಲ್ಲಿ ಶೀತಲ ಪೆಟ್ಟಿಗೆಗಳಿವೆ. ಕೊರತೆಯಿರುವುದು ದಿನ ಗೊತ್ತುಮಾಡುವ ಕೆಲಸದಲ್ಲಿ.

ಆ ದಿನ ಹೀಗಿರಲಿ. ಹಿಂದಿನ ಸಂಜೆ ಟಾಂಟಾಂ ಅಥವಾ ಒಕ್ಕೂಟದ ವಾಟ್ಸ್‌ಆ್ಯಪ್ ಮೂಲಕ ತಿಳಿಸಿ, ಮರುದಿನ ಬೆಳಕು ಹರಿಯುವ ಮುನ್ನ, ಗೂಡು ತೆರೆಯುವುದಕ್ಕೆ ಮೊದಲು ಕೆಲಸ ಆರಂಭಿಸಬೇಕು. ಒಮ್ಮೆ ಹೊರಬಿಟ್ಟ ಕೋಳಿಯನ್ನು ಹಿಡಿಯಹೊರಟರೆ ಎರಡು ಗಂಟೆ ಅದರಲ್ಲೇ ಕಳೆಯುತ್ತದೆ. ಐದರಿಂದ ಏಳು ದಿನದ ಮರಿಗೆ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ. ಎರಡನೆಯ ವಾರದಲ್ಲಿ ಗುಂಬೋರೊ. ನಾಲ್ಕನೆಯ ವಾರದಲ್ಲಿ ಲಸೋಟ ಮತ್ತೊಮ್ಮೆ. ಆರನೆಯ ವಾರದ ಸುಮಾರಿಗೆ ಸಿಡುಬಿನ ಲಸಿಕೆ. ಎಂಟರಿಂದ ಹತ್ತನೆಯ ವಾರದಲ್ಲಿ ಆರ್‌ಟುಬಿ ಚುಚ್ಚುಮದ್ದು ಚರ್ಮದಡಿಗೆ ಅರ್ಧ ಮಿಲಿಲೀಟರ್. ಮೊದಲ ಲಸೋಟವಾಗದ ಕೋಳಿಗೆ, ಸೊರಗಿದ ಕೋಳಿಗೆ ನೇರವಾಗಿ ಆರ್‌ಟುಬಿ ಕೊಡಬಾರದು. ಆಮೇಲೆ ಆರು ತಿಂಗಳಿಗೊಮ್ಮೆ ಮರುಲಸಿಕೆ. ಹಿತ್ತಲಲ್ಲಿ ಬೇರೆಬೇರೆ ವಯಸ್ಸಿನ ಕೋಳಿಗಳಿರುವುದರಿಂದ ಯಾವುದಕ್ಕೆ ಯಾವ ಲಸಿಕೆ ಎಂಬುದನ್ನು ಸ್ಥಳೀಯ ಪಶುವೈದ್ಯರು ಪಟ್ಟಿ ಮಾಡಿಕೊಡಬೇಕು. ಬೇಸಿಗೆ ಏರುವ ಮೊದಲು, ಜನವರಿ ಅಥವಾ ಫೆಬ್ರುವರಿಯಲ್ಲಿ ಒಂದು ದಿನ, ಮಳೆ ಹಿಡಿದ ಮೇಲೆ ಜುಲೈ ಅಥವಾ ಆಗಸ್ಟ್‌ನಲ್ಲಿ ಇನ್ನೊಂದು ದಿನ. ನಡುವೆ ಹುಟ್ಟಿದ ಮರಿಗಳಿಗಾಗಿ ಹೆಚ್ಚಿನ ಒಂದೆರಡು ದಿನ.

ಪಟ್ಟಣದವರಿಗೊಂದು ಸೂಚನೆ. ಕುಡಿಯುವ ನೀರಿನಲ್ಲಿ ಲಸಿಕೆ ಬೆರೆಸುವಾಗ ಪುರಸಭೆಯ ನಲ್ಲಿ ನೀರನ್ನು ಹಾಗೆಯೇ ಬಳಸಬೇಡಿ. ಅದರಲ್ಲಿರುವ ಕ್ಲೋರಿನ್ ಸಜೀವ ಲಸಿಕೆಯನ್ನು ಕೊಲ್ಲುತ್ತದೆ. ಕ್ಲೋರಿನ್ ಬೆರೆಸದ ಶುದ್ಧ ನೀರಿಗೆ, ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಆಮೇಲೆ ಲಸಿಕೆ ಹಾಕಬೇಕು. ಹತ್ತು ಕೋಳಿಗೆ ಕಣ್ಣಿನ ಹನಿಯೇ ಹೆಚ್ಚು ಖಚಿತ.

ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಪ್ರತ್ಯೇಕವಾಗಿ ಕಟ್ಟಿ ಸಾಕಿದ ಮೇಲೆಯೇ ಹಿಂಡಿಗೆ ಬಿಡಬೇಕು. ರೋಗ ಕಂಡೊಡನೆ ಉಳಿದವನ್ನು ಸಂತೆಗೆ ಒಯ್ದು ಮಾರುವ ಅಭ್ಯಾಸ ನಷ್ಟವನ್ನು ತುಸು ಇಳಿಸುತ್ತದೆ ನಿಜ, ಆದರೆ ಮುಂದಿನ ಊರಿನವರ ಪಾಲಿಗೆ ಅದೇ ಮಾರಿ.

ಹಕ್ಕಿಜ್ವರದ ಕಾಲದಲ್ಲಿ

2025ರ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದು ಮೊದಲು ಪತ್ತೆಯಾದುದು ಹಿತ್ತಲ ಕೋಳಿಗಳಲ್ಲಿ. ರೋಗ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರಿನ ಕೋಳಿಗಳನ್ನು ಕೊಲ್ಲುವುದು, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡುವುದು ನಿಯಮ. ಪರಿಹಾರ ದೊರೆಯುವುದು ಸರ್ಕಾರ ಕೊಲ್ಲಿಸಿದ ಕೋಳಿಗಳಿಗೇ ಹೊರತು ಅದಕ್ಕೆ ಮೊದಲು ಸತ್ತವಕ್ಕಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮುಚ್ಚಿಟ್ಟಷ್ಟು ದಿನವೂ ನಷ್ಟ ಒಡೆಯನದೇ. ಒಮ್ಮೆಲೇ ಹಲವು ಕೋಳಿ ಸತ್ತರೆ ಕೈಯಿಂದ ಮುಟ್ಟದೆ, ಕೆರೆಗೋ ರಸ್ತೆ ಬದಿಗೋ ಎಸೆಯದೆ, ಹತ್ತಿರದ ಪಶುವೈದ್ಯಕೀಯ ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಬೇಕು. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂಬುದು ಕಣ್ಣಂದಾಜಿನಿಂದ ತಿಳಿಯುವಂತಹದಲ್ಲ. ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ಚಳಿಗಾಲದಲ್ಲಿ ಅಯ್ಯನಕೆರೆ, ಮದಗದಕೆರೆಯಂತಹ ದೊಡ್ಡ ಕೆರೆಗಳ ಅಂಚಿನ ಮನೆಯವರು ನೀರಹಕ್ಕಿಗಳು ಇಳಿಯುವ ಕಡೆಗೆ ಕೋಳಿಗಳನ್ನು ಬಿಡಬಾರದು. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮಾಂಸದಿಂದ ಅಪಾಯವಿಲ್ಲ.

ಗೊಬ್ಬರ, ಮತ್ತು ವಿಸ್ತರಣಾ ಕಾರ್ಯಕರ್ತರ ದಾಖಲೆ

ಹತ್ತು ಕೋಳಿಗಳು ರಾತ್ರಿ ಗೂಡಿನಲ್ಲಿ ಬಿಡುವ ಹಿಕ್ಕೆಯನ್ನು ಬೂದಿ, ತೆಂಗಿನ ನಾರಿನ ಪುಡಿಯೊಡನೆ ಕೂಡಿಸಿದರೆ ವರ್ಷಕ್ಕೆ ಐವತ್ತು ಕಿಲೋಗ್ರಾಂನಷ್ಟು ಒಣ ಹಿಕ್ಕೆ ಸಿಗುತ್ತದೆ. ಅದರಲ್ಲಿ ಸಾರಜನಕ ಶೇಕಡ 3ರಷ್ಟು, ಎಂದರೆ ಒಂದೂವರೆ ಕಿಲೋ. ಒಂದು ಫಲ ಕೊಡುವ ತೆಂಗಿಗೆ ವರ್ಷಕ್ಕೆ ಶಿಫಾರಸು 500 ಗ್ರಾಂ ಸಾರಜನಕ. ಮೂರು ಮರದ ಪಾಲು ಗೂಡಿನಿಂದಲೇ ಬಂತು. ಹಸಿ ಹಿಕ್ಕೆಯನ್ನು ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಎರಡು ತಿಂಗಳು ತಿಪ್ಪೆಯಲ್ಲಿ ಕಳಿತ ಮೇಲೆ ಹಾಕಬೇಕು. ಶಿಫಾರಸು ಮಾಡಿದ ಪೊಟ್ಯಾಷ್‌ಗೆ ಇದು ಬದಲಿಯಲ್ಲ.

ರಾಷ್ಟ್ರೀಯ ಜಾನುವಾರು ಮಿಷನ್‌ನ ಗ್ರಾಮೀಣ ಕೋಳಿ ಉದ್ಯಮ ಯೋಜನೆಯಲ್ಲಿ ಶೇಕಡ 50ರ, ಗರಿಷ್ಠ 25 ಲಕ್ಷ ರೂಪಾಯಿಯ ಸಹಾಯಧನವಿದೆ. ಅದು ಸಾವಿರ ಮಾತೃಕೋಳಿ ಸಾಕಿ ಮರಿ ಮಾಡಿಸಿ ಪೂರೈಸುವ ಉದ್ಯಮಿಗಾಗಿ. ಹತ್ತು ಕೋಳಿಯ ಮನೆಗಲ್ಲ. ಆದರೆ ಮೂರು ತಾಲ್ಲೂಕುಗಳ ನಡುವೆ ಅಂತಹ ಒಂದು ಘಟಕ ಚೆನ್ನಾಗಿ ನಡೆದರೆ ಲಸಿಕೆಯಾದ ಐದಾರು ವಾರದ ಮರಿ ಹತ್ತಿರದಲ್ಲೇ ದೊರೆಯುತ್ತದೆ. ಶಾಲೆಗೆ ಮೊಟ್ಟೆ ಕೊಡಬೇಕೆಂಬ ಹಂಬಲವಿರುವ, ಬಂಡವಾಳವುಳ್ಳ ಯುವಕರಿಗೆ ನಾನು ಈ ಕಡೆಯನ್ನೇ ತೋರಿಸುತ್ತೇನೆ.

ಮರಿ ವಿತರಣೆಯ ಕಾರ್ಯಕ್ರಮಗಳ ವರದಿಯಲ್ಲಿ ಎಷ್ಟು ಫಲಾನುಭವಿಗಳಿಗೆ ಎಷ್ಟು ಮರಿ ಕೊಟ್ಟೆವು ಎಂಬ ಕಲಮು ಇರುತ್ತದೆ. ಅದರ ಪಕ್ಕದಲ್ಲಿ ಇನ್ನೆರಡು ಕಲಮುಗಳನ್ನು ಸೇರಿಸಿಕೊಳ್ಳಬೇಕೆಂದು ವಿಸ್ತರಣಾ ಕಾರ್ಯಕರ್ತರಲ್ಲಿ ವಿನಂತಿ: ಆರು ತಿಂಗಳ ನಂತರ ಜೀವಂತವಿರುವ ಹೇಟೆಗಳೆಷ್ಟು, ಆ ಬೀದಿಯಲ್ಲಿ ಲಸಿಕೆಯಾದ ಮನೆಗಳೆಷ್ಟು. ಮರಿಗಳನ್ನು ಊರಿಗೆ ಹತ್ತು ಮನೆಯಂತೆ ಇಪ್ಪತ್ತು ಊರಿಗೆ ಹಂಚುವ ಬದಲು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು, ಕೊಡುವ ದಿನವೇ ಮುಂದಿನ ಲಸಿಕೆಯ ತಾರೀಖನ್ನು ಗೂಡಿನ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಸಿದರೆ, ಈ ಕಲಮುಗಳನ್ನು ತುಂಬುವುದು ಕಷ್ಟವಾಗಲಾರದು.